ರ‍್ಯಾಂಕ್ ಗೆದ್ದರೆ ಸಾಲದು, ನಿಯಮವೂ ಬದಲಾಗಬೇಕು

ಯುಪಿಎಸ್‌ಸಿ ಫಲಿತಾಂಶ ಬಂದ ದಿನ ನಾವು ನೋಡುವುದು ರ‍್ಯಾಂಕ್ ಮಾತ್ರ. ಆದರೆ ಆಯ್ಕೆಯಾದ ಮೇಲೂ ಹೆಣ್ಣುಮಕ್ಕಳಿಗೆ ಬಾಗಿಲು ಅರ್ಧವಷ್ಟೇ ತೆರೆಯುತ್ತಿದ್ದ ಕಾಲವೊಂದಿತ್ತು. ಕೊಡಗಿನ ಸಿ.ಬಿ. ಮುತ್ತಮ್ಮ ಅವರ ವೃತ್ತಿಜೀವನ ಅದಕ್ಕೆ ಸಾಕ್ಷಿ.

1924ರಲ್ಲಿ ವಿರಾಜಪೇಟೆಯಲ್ಲಿ ಹುಟ್ಟಿದ ಮುತ್ತಮ್ಮ, 1948ರಲ್ಲಿ ನಾಗರಿಕ ಸೇವಾ ಪರೀಕ್ಷೆ ಪಾಸಾಗಿ ಮರುವರ್ಷ ಭಾರತೀಯ ವಿದೇಶಾಂಗ ಸೇವೆಗೆ ಸೇರಿದರು. ಪರೀಕ್ಷೆ ಬರೆದು ಈ ಸೇವೆಗೆ ಬಂದ ಮೊದಲ ಮಹಿಳೆ ಅವರು. ಮದುವೆಯಾದರೆ ರಾಜೀನಾಮೆ ಕೊಡುವುದಾಗಿ ಅವರಿಂದ ಮುಚ್ಚಳಿಕೆ ಬರೆಸಿಕೊಳ್ಳಲಾಯಿತು. 1961ರ ಸೇವಾ ನಿಯಮಗಳಲ್ಲೂ ಅದೇ ಧೋರಣೆ. ಮಹಿಳಾ ಅಧಿಕಾರಿ ಮದುವೆಗೆ ಮೊದಲು ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು. ಸಂಸಾರದಿಂದ ಕೆಲಸಕ್ಕೆ ಅಡ್ಡಿಯಾಗುತ್ತದೆ ಎಂದು ಸರ್ಕಾರಕ್ಕೆ ಅನ್ನಿಸಿದರೆ ರಾಜೀನಾಮೆ ಕೇಳಬಹುದು. ಪುರುಷರಿಗೆ ಈ ಷರತ್ತು ಇರಲಿಲ್ಲ.

1970ರಲ್ಲಿ ಮುತ್ತಮ್ಮ ಹಂಗೇರಿಗೆ ರಾಯಭಾರಿಯಾದರು. ಮುಂದೆ ಘಾನಾದಲ್ಲೂ ಕೆಲಸ ಮಾಡಿದರು. ಇಷ್ಟೆಲ್ಲ ಅನುಭವವಿದ್ದರೂ ಗ್ರೇಡ್ 1 ಬಡ್ತಿ ಕೈತಪ್ಪಿತು. ಅವರು ಸುಮ್ಮನಿರದೆ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. ವಿಚಾರಣೆ ಮುಗಿಯುವಷ್ಟರಲ್ಲಿ ಸರ್ಕಾರ ಬಡ್ತಿ ಕೊಟ್ಟಿತು, ಆ ನಿಯಮಗಳನ್ನು ಕೈಬಿಡುವುದಾಗಿಯೂ ಹೇಳಿತು. ಹೀಗಾಗಿ 1979ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರಿದ್ದ ಪೀಠ ಅರ್ಜಿಯನ್ನು ವಜಾ ಮಾಡಿತು. ಆದರೆ ತಾರತಮ್ಯವನ್ನು ಕಟುವಾಗಿ ಟೀಕಿಸಿ, ಎಲ್ಲ ಸೇವಾ ನಿಯಮಗಳಲ್ಲೂ ಲಿಂಗಭೇದದ ಕಳೆ ಕೀಳಬೇಕೆಂದು ಒತ್ತಿ ಹೇಳಿತು. ಕಾಗದದ ಮೇಲೆ ಸೋತ ಅರ್ಜಿ, ನಿಜದಲ್ಲಿ ಗೆದ್ದಿತ್ತು. ನೆದರ್ಲೆಂಡ್ಸ್‌ನಲ್ಲೂ ರಾಯಭಾರಿಯಾಗಿದ್ದ ಅವರು 1982ರಲ್ಲಿ ನಿವೃತ್ತರಾದರು.

ಆ ಮಾತು ಎಲ್ಲ ಇಲಾಖೆಗಳಿಗೂ ತಲುಪಿತೇ? ಇಲ್ಲ. 1988ರಲ್ಲಿ ಸೇನಾ ಶುಶ್ರೂಷಾ ಸೇವೆಯ ಮಹಿಳಾ ಅಧಿಕಾರಿಯೊಬ್ಬರನ್ನು ಮದುವೆಯಾದ ಕಾರಣಕ್ಕೆ ಕೆಲಸದಿಂದ ತೆಗೆಯಲಾಯಿತು. ಅದು ಸಂವಿಧಾನಬಾಹಿರ ಎಂದು ಸುಪ್ರೀಂ ಕೋರ್ಟ್ ಹೇಳಿ, 60 ಲಕ್ಷ ರೂಪಾಯಿ ಪರಿಹಾರ ಕೊಡಿಸಿದ್ದು 2024ರ ಫೆಬ್ರುವರಿಯಲ್ಲಿ. ಒಬ್ಬರು ಗೆದ್ದ ಹಕ್ಕು ಇನ್ನೊಬ್ಬರ ಕಚೇರಿಗೆ ತಾನಾಗಿಯೇ ನಡೆದು ಬರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕೆ?

ಇಂದು ಅಂಥ ಲಿಖಿತ ನಿಯಮಗಳು ಹೋಗಿವೆ. ಆದರೆ ‘ಮದುವೆ ಯಾವಾಗ?’ ಎಂಬ ಪ್ರಶ್ನೆ ಸಂದರ್ಶನದ ಕೊಠಡಿಗಳಿಂದ ಪೂರ್ತಿ ಹೊರಟಿಲ್ಲ. ಕೆಲಸ ಹುಡುಕುವ ನಾವು ಸಂಬಳದ ಅಂಕಿಯ ಜೊತೆಗೆ ಸೇವಾ ಷರತ್ತುಗಳನ್ನೂ ಓದಬೇಕು. ತಪ್ಪು ಕಂಡರೆ ಕೇಳಬೇಕು. ಮುತ್ತಮ್ಮ ತಮ್ಮ ಬಡ್ತಿಗಾಗಿ ಹೋರಾಡಿದರು. ಅದರ ಫಲ ಅವರ ನಂತರ ಬಂದವರಿಗೂ ಸಿಕ್ಕಿತು.