ನೀರಿಗೂ ಒಂದು ದಾರಿ ಬೇಕು

ಕಳೆದ ಸಂಚಿಕೆಯಲ್ಲಿ ನಾವು ಮಳೆಗಾಲಕ್ಕೆ ಮೊದಲು ಕೊಡೆಗಳನ್ನು ರಿಪೇರಿ ಮಾಡಿಸಿಕೊಳ್ಳುವ ವಿಚಾರ ಬರೆದಿದ್ದೆವು. ಅದನ್ನೋದಿದ ವಾಚಕರೊಬ್ಬರು, "ಕೊಡೆ ಸೋರಿದರೆ ತಲೆ ನೆನೆಯುತ್ತದೆ, ಅಷ್ಟೇ. ಕಾರು ಸೋರಿದರೆ ಏನು ಮಾಡಬೇಕು, ಸ್ವಾಮಿ?" ಎಂದು ಕೇಳಿದ್ದಾರೆ. ಪ್ರಶ್ನೆ ನಮಗೆ ಕೊಂಚ ಚುಚ್ಚಿತು. ಏಕೆಂದರೆ ಕಾರು ಸೋರಿದಾಗ ಏನು ಮಾಡಬಾರದೋ ಅದನ್ನೇ ಮಾಡಿ ದಂಡ ತೆತ್ತವರು ನಾವು. ಆ ಕಥೆಯನ್ನು ಹೇಳಿಬಿಟ್ಟರೆ ಉತ್ತರವೂ ಅದರಲ್ಲೇ ಸಿಕ್ಕೀತು.

ನಮ್ಮ ಅಕ್ಕನ ಮನೆ ಪುಣೆಯಲ್ಲಿ. ಭಾವನವರಿಗೆ ಕಾರಿನ ಹುಚ್ಚು. ನಿವೃತ್ತರಾದಾಗ ಕೈಗೆ ಬಂದ ಹಣದಲ್ಲಿ ಹಳೆಯ ವಿಲಾಯತಿ ಸ್ಪೋರ್ಟ್ಸ್ ಕಾರೊಂದನ್ನು ಕೊಂಡರು. ಎರಡೇ ಬಾಗಿಲು, ಹಿಂದೆ ಮಕ್ಕಳಿಗಷ್ಟೇ ಸಾಲುವ ಸೀಟು, ಅದರ ಹಿಂದೆ ಮೇಲಕ್ಕೆತ್ತುವ ದೊಡ್ಡ ಗಾಜಿನ ಕದ. ಭಾನುವಾರ ಭಾವನವರನ್ನು ಕಾಣಬೇಕಾದರೆ ಆ ಕಾರಿನ ಕೆಳಗೇ ಹುಡುಕಬೇಕಿತ್ತು. ಅವರು ತೀರಿಕೊಂಡ ಮೇಲೆ ಕಾರು ಎರಡು ವರ್ಷ ಅಂಗಳದ ಬೇವಿನ ಮರದ ಕೆಳಗೆ ನಿಂತಿತು. ಅಪರೂಪಕ್ಕೊಮ್ಮೆ ಸೋದರಳಿಯ ಅದನ್ನು ಹೊರಗೆ ತೆಗೆಯುತ್ತಿದ್ದ. ಒಂದು ಆಷಾಢದಲ್ಲಿ ಅವನಿಂದ ಫೋನು ಬಂತು. "ಮಾಮಾ, ಡಿಕ್ಕಿಯಲ್ಲಿ ನೀರು ನಿಂತಿದೆ. ಯಾರಿಗಾದರೂ ಕೊಟ್ಟುಬಿಡೋಣ ಅಂತಿದ್ದೇನೆ. ಅಮ್ಮನಿಗೆ ಹೇಳೋಕೆ ನನಗೆ ಬಾಯಿ ಬರೋದಿಲ್ಲ, ನೀವೇ ಹೇಳಿ."

ನಾವು ಹೊರಟೆವು. ಅಕ್ಕನಿಗೆ ಏನು ಹೇಳುವುದೋ ತಿಳಿಯದೆ, ಕಾರನ್ನೇ ಸರಿಮಾಡಿಬಿಡೋಣವೆಂದು ಸಿಲಿಕೋನ್ ಅಂಟಿನ ಟ್ಯೂಬೊಂದನ್ನು ಚೀಲದಲ್ಲಿಟ್ಟುಕೊಂಡೆವು. ಕದ ಎತ್ತಿ ನೋಡಿದೆವು. ಸುತ್ತಲೂ ಒಂದು ಸಣ್ಣ ಕಾಲುವೆ, ಅದರ ಕೆಳಗಿನ ಎರಡು ಮೂಲೆಗಳಲ್ಲಿ ಎರಡು ತೂತು. "ಇಗೋ, ಕಳ್ಳ ಸಿಕ್ಕಿದ!" ಎಂದು ಎರಡನ್ನೂ ಅಂಟು ತುಂಬಿ ಮುಚ್ಚಿದೆವು. ಅಂದು ರಾತ್ರಿಯೇ ಜೋರು ಮಳೆ. ಬೆಳಿಗ್ಗೆ ನೋಡಿದರೆ ಸ್ಟೆಪ್ನಿ ಅರ್ಧ ಮುಳುಗಿತ್ತು.

ಅಕ್ಕ ಮೆಟ್ಟಿಲ ಮೇಲೆ ನಿಂತು ಎಲ್ಲವನ್ನೂ ನೋಡುತ್ತಿದ್ದಳು. "ತೂತು ಮುಚ್ಚಿದೆಯೇನೋ? ಚಿಕ್ಕಂದಿನಲ್ಲಿ ಊರ ಮನೆಯ ತೊಟ್ಟಿಯ ಕಂಡಿಗೆ ಚಿಂದಿ ತುರುಕಿ ನಡುಮನೆಗೆಲ್ಲ ನೀರು ನುಗ್ಗಿಸಿದ್ದೆ. ಇನ್ನೂ ಬುದ್ಧಿ ಬಂದಿಲ್ಲವಲ್ಲ!" ಎಂದಳು. ನಾವು ತೆಪ್ಪಗಾದೆವು.

ಅಕ್ಕ ಗದರಿದ್ದರಲ್ಲಿ ಇಡೀ ಶಾಸ್ತ್ರವೇ ಇತ್ತು. ತೊಟ್ಟಿಮನೆ ಕಟ್ಟಿದವರು ಮಳೆಯನ್ನು ತಡೆಯಲು ಹೋಗಲಿಲ್ಲ. ಅಂಗಳಕ್ಕೆ ಬರಗೊಟ್ಟು, ಕಂಡಿಯಿಂದ ಹೊರಗೆ ಕಳಿಸಿದರು. ಕಾರಿನ ಹಿಂಬಾಗಿಲೂ ಹಾಗೆಯೇ. ಸ್ಪೋರ್ಟ್ಸ್ ಕಾರುಗಳಿಗೆ ಇಂಥ ಕದ ಬಂದು ಬಹಳ ಕಾಲವಾಯಿತು. 1961ರ ಜಾಗ್ವಾರ್ ಇ-ಟೈಪ್ ಕೂಪೆಯಲ್ಲಿ ಅದು ಪಕ್ಕಕ್ಕೆ ತೆರೆಯುತ್ತಿತ್ತು. 1965ರ ಎಂಜಿಬಿ ಜಿಟಿಯಲ್ಲಿ ಮೇಲಕ್ಕೆ. ಕದ ಇಳಿಜಾರಾಗಿ ಮಲಗಿರುವುದರಿಂದ ಚಾವಣಿಯ ನೀರೆಲ್ಲ ಅದರ ಅಂಚಿಗೆ ಹರಿದುಬರುತ್ತದೆ. ಆ ನೀರನ್ನು ಹಿಡಿಯುವುದಕ್ಕೇ ಸುತ್ತಲಿನ ಕಾಲುವೆ. ಮೂಲೆಯ ತೂತುಗಳಿಂದ ನೀರು ರಬ್ಬರ್ ನಳಿಗೆಗಳಿಗಿಳಿದು ಕಾರಿನ ಕೆಳಗೆ ಬೀಳಬೇಕು. ಕಾಲುವೆಯ ಒಳದಂಡೆಗೆ ಕೂಡಿಸಿದ ಡಿಕ್ಕಿ ರಬ್ಬರು, ಅಂದರೆ ಬೀಡಿಂಗು, ಕೆರೆಯ ಏರಿಯಿದ್ದಂತೆ. ತೂಬು ಕಟ್ಟಿದರೆ ಏರಿ ಎಷ್ಟು ಗಟ್ಟಿಯಾಗಿದ್ದು ಏನು ಪ್ರಯೋಜನ?

ಆ ಬೀದಿಯ ವೃದ್ಧ ಮಿಸ್ತ್ರಿಯೊಬ್ಬರು ಬಂದು ನಮ್ಮ ಅಂಟನ್ನೆಲ್ಲ ಕೆರೆದು ತೆಗೆದರು. ಒಳಗೆ ಬೇವಿನೆಲೆ ಕೊಳೆತು ಕೆಸರಾಗಿ ಕೂತಿತ್ತು. ಮೊದಲ ಅಪರಾಧಿ ಅದು, ಎರಡನೆಯವರು ನಾವು. ಅವರು ಗಟ್ಟಿ ತಂತಿಯನ್ನು ಮುಟ್ಟಲಿಲ್ಲ. ತಂತಿ ನಳಿಗೆಯನ್ನು ಚುಚ್ಚಿಬಿಡುತ್ತದೆಯಂತೆ. ಪಂಕ್ಚರ್ ಅಂಗಡಿಯ ಗಾಳಿಯನ್ನು ಜೋರಾಗಿ ಬಿಟ್ಟರೆ ಒಳಗಿನ ಜೋಡಣೆ ಕಳಚುತ್ತದೆ. ತುದಿ ದುಂಡಗೆ ಮಾಡಿದ ದಪ್ಪ ನೈಲಾನ್ ಎಳೆಯನ್ನು ಮೆಲ್ಲಗೆ ತಿರುವುತ್ತ ಇಳಿಸಿ, ಮೇಲಿನಿಂದ ಒಂದು ಚೊಂಬು ನೀರು ಬಿಟ್ಟರು. ಹಿಂದಿನ ಚಕ್ರದ ಬಳಿ ಕಪ್ಪು ನೀರು ಸುರಿಯಿತು. ತಿಳಿ ನೀರು ಬರುವ ತನಕ ಬಿಡಲಿಲ್ಲ.

ಆಮೇಲೆ ರಬ್ಬರಿನ ಪರೀಕ್ಷೆ. ಇದನ್ನು ಮನೆಯಲ್ಲಿ ಯಾರಾದರೂ ಮಾಡಬಹುದು. ಉದ್ದನೆಯ ಕಾಗದದ ಚೂರೊಂದನ್ನು ಅಂಚಿನಲ್ಲಿಟ್ಟು ಕದ ಹಾಕಿ ಎಳೆಯಿರಿ. ಬಿಗಿಯಾಗಿ ಬಂದರೆ ಸರಿ. ಸುಮ್ಮನೆ ಜಾರಿ ಬಂದರೆ ಅಲ್ಲಿ ರಬ್ಬರು ಕೂಡುತ್ತಿಲ್ಲ. ಹೀಗೆ ಗೇಣಿಗೊಂದರಂತೆ ಸುತ್ತಲೂ ನೋಡಿ. ಬಳಿಕ ಒಬ್ಬರು ಟಾರ್ಚು ಹಿಡಿದು ಒಳಗೆ ಕೂರಲಿ, ಇನ್ನೊಬ್ಬರು ಹೊರಗಿನಿಂದ ಪೈಪಿನ ನೀರನ್ನು ಸಣ್ಣಗೆ ಬಿಡಲಿ. ಕೆಳಗಿನಿಂದ ಶುರುಮಾಡಿ ಮೇಲಕ್ಕೆ ಹೋಗಬೇಕು. ಮೇಲಿನಿಂದಲೇ ಸುರಿದರೆ ನೀರು ಎಲ್ಲಿಂದ ನುಗ್ಗಿತೆಂದು ಬ್ರಹ್ಮನಿಗೂ ತಿಳಿಯದು. ನೀರು ನಿಂತ ಜಾಗವೇ ಬಂದ ಜಾಗವೆಂದು ನಂಬಬೇಡಿ. ಹಿಂದಿನ ದೀಪದ ರಬ್ಬರು, ಕೀಲಿನ ಬೋಲ್ಟು, ಗಾಜಿನ ಅಂಚು, ಇವುಗಳಿಂದಲೂ ಬಂದೀತು. ನಮ್ಮ ಕಾರಿನಲ್ಲಿ ಬಲಗಡೆಯ ದೀಪದಿಂದಲೂ ಒಂದಿಷ್ಟು ಇಳಿಯುತ್ತಿತ್ತು.

ರಬ್ಬರು ವರ್ಷಗಟ್ಟಲೆ ಅದುಮಿಸಿಕೊಂಡು ಚಪ್ಪಟೆಯಾಗಿತ್ತು. ಹಾಗಾದದ್ದು ಮತ್ತೆ ಉಬ್ಬುವುದಿಲ್ಲ, ಬದಲಿಸಲೇಬೇಕು. ಹಳೆಯದನ್ನು ಕಿತ್ತಾಗ ಅಂಚಿನ ತಗಡು ತುಕ್ಕು ಹಿಡಿದಿತ್ತು. ಉಪ್ಪುಕಾಗದದಿಂದ ಹೊಳೆಯುವವರೆಗೆ ಉಜ್ಜಿ, ಪ್ರೈಮರ್ ಹೊಡೆದು, ಬಣ್ಣ ಬಳಿದು, ಪೂರ್ತಿ ಒಣಗಿದ ಮೇಲೆಯೇ ಹೊಸದನ್ನು ಕೂಡಿಸಿದ್ದು. ಹೊಸ ರಬ್ಬರನ್ನು ಎಳೆದು ಕೂಡಿಸಬಾರದು. ಎಳೆದದ್ದು ಕೆಲವು ದಿನಗಳಲ್ಲಿ ಮೊದಲಿನ ಅಳತೆಗೆ ಕುಗ್ಗಿ ಸೇರಿಕೆಯಲ್ಲಿ ಬಾಯಿ ಬಿಡುತ್ತದೆ. ಮೂಲೆಗಳಲ್ಲಿ ಕೊಂಚ ಸಡಿಲು ಕೊಟ್ಟು, ಸೇರಿಕೆಯನ್ನು ನೇರವಾದ ಜಾಗದಲ್ಲಿಟ್ಟು, ಒಂದೆಳೆ ಉದ್ದವಾಗಿಯೇ ಕತ್ತರಿಸಿ ಒತ್ತಿ ಕೂಡಿಸಬೇಕು. ಎಂಜಿನ್ ಎಣ್ಣೆ, ಗ್ರೀಸು ಸವರಬೇಡಿ; ಈಗಿನ ಕಾರುಗಳಿಗೆ ಹಾಕುವ ಇಪಿಡಿಎಂ ರಬ್ಬರು ಅದರಿಂದ ಊದಿಕೊಂಡು ಹಾಳಾಗುತ್ತದೆ. ತೊಳೆಯಲು ಸಾಬೂನು ನೀರು, ಸವರಲು ಸಿಲಿಕೋನ್ ಗ್ರೀಸು ಸಾಕು. ದಪ್ಪ ಇದ್ದಷ್ಟೂ ಒಳ್ಳೆಯದೆಂದು ಸಿಕ್ಕಿದ್ದನ್ನು ಹಾಕಿ ಕದವನ್ನು ಬಡಿದು ಮುಚ್ಚಿದರೆ ಗಾಜು ಒಡೆದೀತು. ಕೊನೆಯಲ್ಲಿ ಚಿಲಕವನ್ನು ಸರಿಹೊಂದಿಸಿ, ಕಾಗದದ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಬೇಕು.

ಕೆಲಸದ ನಡುವೆ ಮಿಸ್ತ್ರಿಯವರು ತಟ್ಟನೆ ಒಂದು ಮಾತು ಕೇಳಿದರು. "ಈ ಗಾಡಿಯಲ್ಲಿ ಕೂತರೆ ಹೊಗೆ ವಾಸನೆ ಬರುತ್ತಿತ್ತೇ?" ಅಳಿಯನ ಹೆಂಡತಿಯ ಮುಖ ಬಿಳಿಚಿತು. ಹಿಂದಿನ ಸೀಟಿನಲ್ಲಿ ಕೂತಾಗಲೆಲ್ಲ ಮಗಳು ತಲೆನೋವೆಂದು ಅಳುತ್ತಿದ್ದಳಂತೆ. ಘಾಟಿಯ ತಿರುವಿನಿಂದ ಹಾಗಾಗುತ್ತದೆಂದು ಮನೆಯವರೆಲ್ಲ ತಿಳಿದಿದ್ದರು. ಓಡುವ ಕಾರಿನ ಬೆನ್ನ ಹಿಂದೆ ಗಾಳಿಯ ಒತ್ತಡ ಕಡಿಮೆಯಿರುತ್ತದೆ. ಸೈಲೆನ್ಸರಿನ ಹೊಗೆ ಅಲ್ಲೇ ಸುಳಿದಾಡಿ, ಸಂದು ಸಿಕ್ಕಿದರೆ ಒಳಗೆ ನುಗ್ಗುತ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆನೋವು, ಮಂಪರು, ವಾಂತಿ ಅದರ ಲಕ್ಷಣಗಳು. ಹೆಚ್ಚಾದರೆ ಪ್ರಾಣವೇ ಹೋಗುತ್ತದೆ. ಮಗು ಒಂದು ದಿನ ಅಳದೆ ನಿದ್ದೆ ಹೋಗಿದ್ದರೆ? ಆ ಪ್ರಶ್ನೆಯನ್ನು ಅಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಸೈಲೆನ್ಸರಿನಲ್ಲಿದ್ದ ಬಿರುಕನ್ನೂ ಅದೇ ವಾರ ಸರಿಪಡಿಸಿದ್ದಾಯಿತು. ಆಮೇಲೆ ಮಗುವಿಗೆ ಆ ತಲೆನೋವು ಬರಲಿಲ್ಲ.

ಸ್ಪೋರ್ಟ್ಸ್ ಕಾರು ನಮ್ಮಲ್ಲಿ ಎಷ್ಟು ಜನರಿಗುಂಟು ಎಂದು ನೀವು ನಗಬಹುದು. ಆದರೆ 1983ರಲ್ಲಿ ಮಾರುತಿ 800 ಬಂದಂದಿನಿಂದ ಮೇಲಕ್ಕೆತ್ತುವ ಹಿಂಬಾಗಿಲು ನಮ್ಮ ಸಂಸಾರಗಳಿಗೂ ಬಂದಿದೆ. ರಜೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಊರಿಗೆ ಹೊರಡುವ ಮೊದಲು ಚಕ್ರದ ಗಾಳಿ ನೋಡುತ್ತೀರಲ್ಲ, ಹಾಗೆಯೇ ಹಿಂಬಾಗಿಲ ರಬ್ಬರನ್ನೂ ಒಮ್ಮೆ ನೋಡಿ. ಸ್ಟೆಪ್ನಿಯನ್ನೆತ್ತಿ ಕೆಳಗೆ ಕೈಯಾಡಿಸಿ. ಒದ್ದೆಯಿದ್ದರೆ ಬಟ್ಟೆಯಿಂದ ಒರಸಿ ಸುಮ್ಮನಾಗದೆ ಕಾರಣ ಹುಡುಕಿ. ಹೊಗೆಯ ವಾಸನೆ ಬಂದರಂತೂ ಕಾರು ನಿಲ್ಲಿಸಿ, ಎಲ್ಲರೂ ಇಳಿದು, ಗ್ಯಾರೇಜಿಗೆ ತೋರಿಸಿದ ಮೇಲೆಯೇ ಮುಂದಿನ ಪ್ರಯಾಣ.

ಆ ಒಂದು ರಾತ್ರಿಯ ನೀರಿನಿಂದ ಮೊದಲೇ ತುಕ್ಕು ಹಿಡಿದಿದ್ದ ಡಿಕ್ಕಿಯ ತಳ ಪೂರ್ತಿ ಕೈಕೊಟ್ಟಿತ್ತು. ವೆಲ್ಡಿಂಗಿನ ಖರ್ಚು ನಮ್ಮದೇ ಆಯಿತು, ನ್ಯಾಯವೇ. ಕಾರು ಮಾರುವ ಮಾತನ್ನು ಅಕ್ಕನಿಗೆ ಹೇಳುವ ಪ್ರಸಂಗ ಬರಲೇ ಇಲ್ಲ. ಆದರೆ ಅವಳಿಗೆ ಮೊದಲೇ ತಿಳಿದಿತ್ತೆಂದು ಕಾಣುತ್ತದೆ. ರಿಪೇರಿ ಮುಗಿದ ದಿನ ಒಳಗಿನಿಂದ ಒಂದು ಹಳೆಯ ಡಬ್ಬಿ ತಂದು ಮಗನ ಕೈಗಿಟ್ಟಳು. ಅದರಲ್ಲಿ ಒಂದು ಸುತ್ತು ನೈಲಾನ್ ಎಳೆ, ತುದಿ ದುಂಡಗೆ ಮಾಡಿದ್ದು. "ಪ್ರತಿ ವರ್ಷ ಮೃಗಶಿರೆ ಮಳೆಗೆ ಮೊದಲು ನಿಮ್ಮಪ್ಪ ಇದರಿಂದ ಏನೋ ಮಾಡುತ್ತಿದ್ದರು. ಏನೆಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ," ಎಂದಳು.

ಈಗ ಆ ಕೆಲಸ ಮೊಮ್ಮಗಳದು. ಚೊಂಬು ಹಿಡಿದು ಅಕ್ಕ ಪಕ್ಕದಲ್ಲಿ ನಿಲ್ಲುತ್ತಾಳೆ. ಅಂಟಿನ ಟ್ಯೂಬಿನೊಡನೆ ನಮಗೆ ಮಾತ್ರ ಆ ಅಂಗಳಕ್ಕೆ ಪ್ರವೇಶವಿಲ್ಲ.