ಎಲ್ಲಿ ನಡೆಯಲಿ, ಡಾಕ್ಟ್ರೇ?

ನಲವತ್ತರ ಆಸುಪಾಸಿನ ಆ ಹೆಂಗಸು ಪೀಣ್ಯದ ಕಡೆಯ ಸಿದ್ಧ ಉಡುಪು ಕಾರ್ಖಾನೆಯೊಂದರಲ್ಲಿ ಹೊಲಿಗೆ ಕೆಲಸ ಮಾಡುತ್ತಾರೆ. ಮಂಡಿನೋವೆಂದು ಬಂದಿದ್ದರು. ಎತ್ತರ 150 ಸೆಂಟಿಮೀಟರ್, ತೂಕ 74 ಕಿಲೋ. ರಕ್ತದಲ್ಲಿ ಸಕ್ಕರೆ ಹೆಚ್ಚು, ಹಿಮೊಗ್ಲೋಬಿನ್ ಮಾತ್ರ 9 ಗ್ರಾಂ. ವೈದ್ಯರೆಲ್ಲ ಹೇಳುವುದನ್ನೇ ನಾನೂ ಹೇಳಿದೆ: ‘ಅನ್ನ ಕಡಿಮೆ ಮಾಡಿ, ತರಕಾರಿ, ಹಣ್ಣು ಹೆಚ್ಚು ತಿನ್ನಿ. ದಿನಾ ಅರ್ಧ ಗಂಟೆ ನಡೆಯಿರಿ.’

ಆಕೆ ನಕ್ಕು ಕೇಳಿದರು: ‘ಎಲ್ಲಿ ನಡೆಯಲಿ, ಡಾಕ್ಟ್ರೇ?’

ಬೆಳಗಿನ 5 ಗಂಟೆಗೆ ಎದ್ದು ನೀರು ಹಿಡಿಯಬೇಕು. ಅಡುಗೆ ಮುಗಿಸಿ 8ರೊಳಗೆ ಬಸ್ಸು ಹತ್ತಬೇಕು. ದಿನವಿಡೀ ಯಂತ್ರದ ಮುಂದೆ ಕುಳಿತು ಮನೆಗೆ ಮರಳುವಾಗ ಕತ್ತಲಾಗಿರುತ್ತದೆ. ಬೀದಿದೀಪವಿಲ್ಲ, ಕಾಲುದಾರಿಯ ಮೇಲೆ ಮೋರಿಯ ಕಲ್ಲು ಬಾಯಿ ತೆರೆದಿದೆ, ನಾಯಿಗಳ ಕಾಟ ಬೇರೆ. ನನ್ನ ಚೀಟಿಯಲ್ಲಿ ಈ ಯಾವುದಕ್ಕೂ ಮದ್ದಿರಲಿಲ್ಲ.

ದಪ್ಪ ಮೈ, ಬಡ ರಕ್ತ

ಬೊಜ್ಜು ಉಳ್ಳವರ ಕಾಯಿಲೆ ಎಂಬುದು ನಮ್ಮ ಹಳೆಯ ನಂಬಿಕೆ. ಅದರಲ್ಲಿ ಸತ್ಯವಿಲ್ಲದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಅಧಿಕ ತೂಕದ ಹೆಂಗಸರು ಪಟ್ಟಣಗಳಲ್ಲಿ ಶೇ 33, ಹಳ್ಳಿಗಳಲ್ಲಿ ಶೇ 20. ಆದರೆ ಅದೇ ಸಮೀಕ್ಷೆ ದೇಶದ ಶೇ 57ರಷ್ಟು ಹೆಂಗಸರಲ್ಲಿ ರಕ್ತಹೀನತೆಯನ್ನೂ ಕಂಡಿತು. ಒಂದೇ ದೇಹದಲ್ಲಿ ಬೊಜ್ಜೂ ಅಪೌಷ್ಟಿಕತೆಯೂ ಒಟ್ಟಿಗೆ ಇರಬಹುದು ಎಂಬುದಕ್ಕೆ ಈ ಹೆಂಗಸೇ ಸಾಕ್ಷಿ.

ಇದು ಹೇಗೆ ಸಾಧ್ಯ? ಲೆಕ್ಕ ಸರಳ. 100 ಗ್ರಾಂ ಅಡುಗೆ ಎಣ್ಣೆಯಲ್ಲಿ 900 ಕ್ಯಾಲೊರಿ ಇದೆ. ಅಷ್ಟೇ ತೂಕದ ಹುರುಳಿಕಾಯಿಯಲ್ಲಿ ಮೂವತ್ತರ ಆಚೀಚೆ. ಕೈಯಲ್ಲಿ ಕಾಸು ಕಡಿಮೆಯಿದ್ದಾಗ ಹೊಟ್ಟೆ ತುಂಬಿಸುವುದು ಅಕ್ಕಿ, ಸಕ್ಕರೆ, ಪಾಮ್ ಎಣ್ಣೆ. ಬೀದಿಯ ಮೂಲೆಯ ಪೆಟ್ಟಿಗೆ ಅಂಗಡಿಯಲ್ಲಿ ಐದು ರೂಪಾಯಿಯ ಚಿಪ್ಸ್ ಪೊಟ್ಟಣಗಳು ತೋರಣದಂತೆ ತೂಗುತ್ತವೆ. ಸೊಪ್ಪಿನ ಗಾಡಿ ಬರುವುದು ಆಕೆ ಕೆಲಸದಲ್ಲಿರುವ ಹೊತ್ತಿಗೆ. ಇದನ್ನು ನಾಲಿಗೆ ಚಪಲ ಎನ್ನುವುದು ಅನ್ಯಾಯ.

ಮನೆ ಬದಲಾದಾಗ

ಬಡಾವಣೆಗೂ ಬೊಜ್ಜಿಗೂ ನಂಟಿದೆಯೇ ಎಂಬುದಕ್ಕೆ ಅಮೆರಿಕದಲ್ಲಿ ದೊಡ್ಡ ಪ್ರಯೋಗವೇ ನಡೆದಿದೆ. 1994ರಿಂದ 1998ರವರೆಗೆ ಬಾಲ್ಟಿಮೋರ್, ಬಾಸ್ಟನ್, ಷಿಕಾಗೊ, ಲಾಸ್ ಏಂಜಲೀಸ್, ನ್ಯೂಯಾರ್ಕ್ ನಗರಗಳ ಕಡುಬಡತನದ ಕೇರಿಗಳಲ್ಲಿದ್ದ ಸಾವಿರಾರು ಕುಟುಂಬಗಳನ್ನು ಚೀಟಿ ಎತ್ತಿ ಗುಂಪುಗಳಾಗಿ ವಿಂಗಡಿಸಿದರು. ಒಂದು ಗುಂಪಿಗೆ, ಬಡತನ ಕಡಿಮೆಯಿರುವ ಬಡಾವಣೆಗೆ ಹೋಗುವುದಾದರೆ ಬಾಡಿಗೆಗೆ ನೆರವು ಸಿಕ್ಕಿತು. ಯಾರಿಗೂ ಪಥ್ಯ ಹೇಳಲಿಲ್ಲ, ವ್ಯಾಯಾಮ ಕಲಿಸಲಿಲ್ಲ. 10-15 ವರ್ಷಗಳ ಬಳಿಕ ಹೆಂಗಸರನ್ನು ಪರೀಕ್ಷಿಸಿದಾಗ, ಈ ನೆರವು ಪಡೆದವರಲ್ಲಿ ತೀವ್ರ ಬೊಜ್ಜೂ ಮಧುಮೇಹವೂ ನೂರಕ್ಕೆ ನಾಲ್ಕರಷ್ಟು ಕಡಿಮೆಯಿದ್ದವು. 2011ರಲ್ಲಿ ಪ್ರಕಟವಾದ ಈ ಫಲಿತಾಂಶದಲ್ಲಿ ಸಾಧಾರಣ ಬೊಜ್ಜು ಅಷ್ಟಾಗಿ ಇಳಿದಿರಲಿಲ್ಲ ಎಂಬುದೂ ನಿಜ. ಆದರೂ, ಬರೀ ವಿಳಾಸದ ಬದಲಾವಣೆ ಇಷ್ಟು ಮಾಡಿತಲ್ಲ!

ಎಲ್ಲರೂ ಮನೆ ಬದಲಿಸಲಾಗದು. ಆದರೆ ಬೀದಿಯನ್ನೇ ಬದಲಿಸಬಹುದು.

ನಮ್ಮ ಪಾಲೆಷ್ಟು?

ಇಲ್ಲಿ ಪತ್ರಿಕೆ ಓದುವ ನಾವೂ ಆರೋಪಿಗಳೇ. ಮನೆಯ ಮುಂದಿನ ಕಾಲುದಾರಿಯಲ್ಲಿ ಕಾರು ನಿಲ್ಲಿಸಿ, ಉಳಿದದ್ದಕ್ಕೆ ಬೇಲಿ ಹಾಕಿ ಹೂಗಿಡ ನೆಡುವವರು ಯಾರು? ಉದ್ಯಾನದಲ್ಲಿ ಪಕ್ಕದ ಕೇರಿಯ ಹುಡುಗರು ಚೆಂಡಾಡಿದರೆ ಕಾವಲುಗಾರನನ್ನು ಕರೆಯುವವರು ಯಾರು? ಬೆಂಗಳೂರಿನ ಪಾಲಿಕೆ ಉದ್ಯಾನಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕೆಂದು 2024ರಲ್ಲಿ ತೀರ್ಮಾನವಾಯಿತು. ದುಡಿದು ತಡವಾಗಿ ಬರುವವರಿಗೆ ಇದು ಒಳ್ಳೆಯದೇ. ಆದರೆ ಉದ್ಯಾನವೇ ಇಲ್ಲದ ಕೇರಿಯಲ್ಲಿ ತೆರೆಯಲು ಬಾಗಿಲೆಲ್ಲಿದೆ?

ಶಾಲೆಗಳ ಕಥೆಯೂ ಹೀಗೆಯೇ. ಕೊಬ್ಬು, ಉಪ್ಪು, ಸಕ್ಕರೆ ಅತಿಯಾದ ತಿನಿಸುಗಳನ್ನು ಶಾಲೆಯ ಬಾಗಿಲಿನಿಂದ 50 ಮೀಟರ್ ಒಳಗೆ ಮಾರಬಾರದೆಂದು 2020ರಲ್ಲೇ ಕೇಂದ್ರದ ನಿಯಮ ಬಂತು. ನಿಮ್ಮ ಮಗುವಿನ ಶಾಲೆಯ ಮುಂದೆ ಐವತ್ತು ಮೀಟರ್ ನಡೆದು ನೋಡಿ. ಹಾಗೆಯೇ, ಆಟದ ಪೀರಿಯಡ್ಡನ್ನು ಗಣಿತ ನುಂಗಿದೆಯೇ ಎಂದು ಮುಖ್ಯೋಪಾಧ್ಯಾಯರನ್ನು ಕೇಳಿ. ರಜೆಯ ದಿನ ಶಾಲೆಯ ಮೈದಾನವನ್ನು ಊರ ಮಕ್ಕಳಿಗೆ ಬಿಟ್ಟುಕೊಟ್ಟರೆ ಸರ್ಕಾರಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ಹಾಗೆಂದು ನಮ್ಮ ಹೊಣೆ ಮುಗಿಯಿತೆಂದಲ್ಲ. ಸೊಂಟದ ಸುತ್ತಳತೆ ಹೆಂಗಸರಲ್ಲಿ 80, ಗಂಡಸರಲ್ಲಿ 90 ಸೆಂಟಿಮೀಟರ್ ದಾಟಿದರೆ ಎಚ್ಚರಿಕೆ ಅಗತ್ಯ. ವಾರಕ್ಕೆ 150 ನಿಮಿಷದ ಬಿರುಸು ನಡಿಗೆಯನ್ನು ಹತ್ತು ಹತ್ತು ನಿಮಿಷವಾಗಿಯೂ ಮಾಡಬಹುದು. ಅಕ್ಕಿಯ ಜತೆಗೆ ರಾಗಿ, ಹುರುಳಿಕಾಳು, ನುಗ್ಗೆಸೊಪ್ಪು ಇರಲಿ. ಇವು ಬಡವರ ಅಡುಗೆಮನೆಗೂ ಹೊಸತಲ್ಲ.

ಆ ಹೆಂಗಸಿಗೆ ಕಬ್ಬಿಣದ ಮಾತ್ರೆ, ಸಕ್ಕರೆಯ ಔಷಧಿ ಬರೆದುಕೊಟ್ಟೆ. ಊಟದ ವಿರಾಮದಲ್ಲಿ ಕಾರ್ಖಾನೆಯ ಅಂಗಳದಲ್ಲೇ ಹತ್ತು ನಿಮಿಷ ಸುತ್ತಲು ಹೇಳಿದೆ. ತಿಂಗಳ ನಂತರ ಬಂದಾಗ ಆಕೆ ಒಂಟಿಯಾಗಿ ನಡೆಯುತ್ತಿರಲಿಲ್ಲ, ಜತೆಗೆ ನಾಲ್ವರು ಗೆಳತಿಯರಿದ್ದರಂತೆ. ತೂಕ ಇಳಿದದ್ದು ಒಂದೇ ಕಿಲೋ. ಆದರೆ ಆಕೆಯ ಬೀದಿಗೆ ದೀಪ ಇನ್ನೂ ಬಂದಿಲ್ಲ. ಅದನ್ನು ಬರೆದುಕೊಡುವ ಅಧಿಕಾರ ವೈದ್ಯರಿಗಿಲ್ಲ. ಕೇಳುವ ಹಕ್ಕು ನಮ್ಮೆಲ್ಲರಿಗೂ ಇದೆ.