ಕಥೆಯ ಧರ್ಮ, ಹಾಡಿನ ಕಾಮ

ಧರ್ಮ, ಅರ್ಥ, ಕಾಮ, ಮೋಕ್ಷ ಎಂಬ ನಾಲ್ಕು ಪುರುಷಾರ್ಥಗಳಲ್ಲಿ ಕಾಮಕ್ಕೂ ಮರ್ಯಾದೆಯ ಸ್ಥಾನವಿದೆ. ಗಂಡು ಹೆಣ್ಣಿನ ಬಯಕೆಯ ಜೊತೆಗೆ ಕಣ್ಣು, ಕಿವಿ, ಮನಸ್ಸು ಸವಿಯುವ ಎಲ್ಲ ಸುಖವೂ ಅದರ ವ್ಯಾಪ್ತಿಗೆ ಬರುತ್ತದೆ. ವಾತ್ಸ್ಯಾಯನ ಕಾಮಸೂತ್ರವನ್ನು ಆರಂಭಿಸುವುದೇ ಧರ್ಮ, ಅರ್ಥ, ಕಾಮ ಮೂರಕ್ಕೂ ನಮಸ್ಕರಿಸಿ. ಅವುಗಳಲ್ಲಿ ಜಗಳ ಬಂದರೆ ಸಾಮಾನ್ಯವಾಗಿ ಧರ್ಮವೇ ಮೇಲು ಎಂದೂ ಆತ ಒಪ್ಪುತ್ತಾನೆ. ಆತ ಕೊಡುವ 64 ಕಲೆಗಳ ಪಟ್ಟಿಯಲ್ಲಿ ಮೊದಲನೆಯದು ಗಾಯನ. ಸ್ಮೃತಿಕಾರರಲ್ಲಿ ಮಾತ್ರ ಸಂಗೀತದ ಬಗ್ಗೆ ಒಮ್ಮತವಿಲ್ಲ. ಬ್ರಹ್ಮಚಾರಿಗೆ ಹಾಡು, ಕುಣಿತ, ವಾದ್ಯ ಸಲ್ಲವೆಂದು ಮನುಸ್ಮೃತಿ ಹೇಳಿದರೆ, ವೀಣೆ, ಶ್ರುತಿ, ತಾಳಗಳನ್ನು ಬಲ್ಲವನು ಹೆಚ್ಚು ಶ್ರಮವಿಲ್ಲದೆ ಮೋಕ್ಷದ ದಾರಿ ಹಿಡಿಯುತ್ತಾನೆಂದು ಯಾಜ್ಞವಲ್ಕ್ಯಸ್ಮೃತಿ ಹೇಳುತ್ತದೆ. ಭಗವದ್ಗೀತೆಯ 7ನೆಯ ಅಧ್ಯಾಯದಲ್ಲಿ ಕೃಷ್ಣ ಧರ್ಮಕ್ಕೆ ವಿರುದ್ಧವಲ್ಲದ ಕಾಮ ತಾನೇ ಎನ್ನುತ್ತಾನೆ. ಬಯಕೆಗೆ ಬೇಲಿ ಎಲ್ಲಿ ಹಾಕಬೇಕೆಂಬ ಚರ್ಚೆಗೆ ಈ ಮಾತೇ ಆಧಾರವಾಗಿ ಉಳಿದುಬಂದಿದೆ.

ಇಪ್ಪತ್ತನೆಯ ಶತಮಾನದಲ್ಲಿ ಆ ಚರ್ಚೆ ಶಾಸ್ತ್ರಗ್ರಂಥಗಳಿಗಿಂತ ಹೆಚ್ಚಾಗಿ ಸಿನಿಮಾ ಹಾಡುಗಳಲ್ಲಿ ನಡೆಯಿತು. ಕನ್ನಡದ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನ’, ಹೆಸರಿನಲ್ಲೇ ಪತಿವ್ರತಾಧರ್ಮವನ್ನು ಸಾರಿತ್ತು. ಪೌರಾಣಿಕದಿಂದ ಸಾಮಾಜಿಕ ಚಿತ್ರಗಳಿಗೆ ಬರುವಷ್ಟರಲ್ಲಿ ಒಂದು ಒಳ ಒಪ್ಪಂದ ಗಟ್ಟಿಯಾಗಿತ್ತು: ಕಥೆ ಧರ್ಮದ ಪಾಲು, ಹಾಡು ಕಾಮದ ಪಾಲು. ಮಾತಿನಲ್ಲಿ ಆಡಲಾಗದ್ದನ್ನು ನಾಯಕ ನಾಯಕಿಯರು ಹಾಡಿನಲ್ಲಿ ಆಡಬಹುದು. ಹಾಡು ಮುಗಿದ ಮೇಲೆ ಅಪ್ಪನ ಮಾತು, ಕುಲದ ಮಾನ, ಕೊಟ್ಟ ಭಾಷೆ ಮತ್ತೆ ಅಧಿಕಾರಕ್ಕೆ ಬರುತ್ತವೆ.

1974ರ ‘ಎರಡು ಕನಸು’ ಇದಕ್ಕೆ ಒಳ್ಳೆಯ ನಿದರ್ಶನ. ರಾಜಕುಮಾರ್ ನಿರ್ವಹಿಸಿದ ನಾಯಕ ಪ್ರೀತಿಸಿದವಳನ್ನು ಕಳೆದುಕೊಂಡು, ಹಿರಿಯರ ಒತ್ತಾಯಕ್ಕೆ ಬೇರೊಬ್ಬಳನ್ನು ಮದುವೆಯಾಗುತ್ತಾನೆ. ಹಳೆಯ ಒಲವು ಬಿಡದ್ದರಿಂದ ಸಂಸಾರ ಹೊಂದುವುದಿಲ್ಲ. ಅವನ ಹಾಡು ಬಾಡಿದ ಪ್ರೀತಿಯನ್ನು ನೆನೆಯುತ್ತದೆ. ಕಲ್ಪನಾ ನಟಿಸಿದ ಹೆಂಡತಿಯ ಪಾತ್ರಕ್ಕೆ ಎಸ್. ಜಾನಕಿ ಹಾಡಿದ ಗೀತೆ ಇನ್ನೂ ಸೂಕ್ಷ್ಮ. ಅದು ಪೂಜೆಯ ಭಾಷೆಯಲ್ಲಿದೆ, ಕೇಳುತ್ತಿರುವುದು ಮಾತ್ರ ಗಂಡನ ಒಲವನ್ನು. ಪತಿಯೇ ದೈವವೆಂಬ ಕಟ್ಟಳೆಯೊಳಗೆ ಹೆಣ್ಣು ತನ್ನ ಬಯಕೆಯನ್ನು ಹೇಳಿಕೊಳ್ಳಲು ಇದ್ದ ದಾರಿ ಅದೊಂದೇ. ರಾಜನ್ ನಾಗೇಂದ್ರರ ಸಂಗೀತ ಈ ಇಬ್ಬರ ನೋವನ್ನೂ ಸಮನಾಗಿ ನಡೆಸಿಕೊಂಡಿತು, ತೀರ್ಪನ್ನು ಕಥೆಗೆ ಬಿಟ್ಟಿತು.

ಎಂ.ಕೆ. ಇಂದಿರಾ ಅವರ ಕಾದಂಬರಿಯಿಂದ ಪುಟ್ಟಣ್ಣ ಕಣಗಾಲ್ ಮಾಡಿದ ‘ಗೆಜ್ಜೆಪೂಜೆ’ಯಲ್ಲಿ ಪರಿಸ್ಥಿತಿ ತಿರುಗುಮುರುಗು. ಅಲ್ಲಿ ಧರ್ಮವನ್ನು ಬಯಸುವವಳೇ ಕಾಮದ ಕಸುಬಿಗೆ ಹುಟ್ಟಿನಿಂದ ಗುರುತಾದವಳು. ನಾಯಕಿ ಚಂದ್ರಾ ಗೃಹಿಣಿಯಾಗಲು ಹಂಬಲಿಸುತ್ತಾಳೆ, ಸಮಾಜ ಆ ಬಾಗಿಲು ಮುಚ್ಚುತ್ತದೆ. ಈ ಚಿತ್ರದ ಒಂದು ಹಾಡು ಪ್ರೇಮದ ನಾದವನ್ನು ಐದನೆಯ ವೇದವೆಂದು ಕರೆಯಿತು. ನಾಟ್ಯಶಾಸ್ತ್ರ ತನಗಾಗಿ ಕೇಳಿಕೊಂಡ ಪಟ್ಟ ಅದು. ಮರ್ಯಾದಸ್ಥರ ಧರ್ಮ ಯಾರ ಬೆನ್ನ ಮೇಲೆ ನಿಂತಿದೆ ಎಂಬ ಪ್ರಶ್ನೆಯನ್ನು ಕನ್ನಡದ ಜನಪ್ರಿಯ ಕಲೆ ಇಷ್ಟು ನೇರವಾಗಿ ಕೇಳಿದ್ದು ಅಪರೂಪ.

ಬೇಲಿಯಾಚೆಯ ಕಾಮಕ್ಕೆ ಆ ದಿನಗಳಲ್ಲಿ ಕಂಠವೂ ಬಹುಮಟ್ಟಿಗೆ ಬೇರೆಯಿತ್ತು. ಕ್ಲಬ್ಬಿನ ಕುಣಿತಕ್ಕೆ ಎಲ್.ಆರ್. ಈಶ್ವರಿ, ತುಳಸಿಕಟ್ಟೆಗೆ ಪಿ. ಸುಶೀಲಾ ಅಥವಾ ಜಾನಕಿ ಎಂಬಂತಹ ಹಂಚಿಕೆ. ಈಶ್ವರಿಯವರ ಅತಿ ಪ್ರಸಿದ್ಧ ಮಾದಕ ಹಾಡುಗಳಲ್ಲೊಂದು 1970ರ ‘ಪರೋಪಕಾರಿ’ ಎಂಬ ಚಿತ್ರದ್ದು. ಶೀರ್ಷಿಕೆ ಧರ್ಮದ್ದು, ಜನ ನೆನಪಿಟ್ಟುಕೊಂಡದ್ದು ಆ ಹಾಡನ್ನು.

ಧರ್ಮಕ್ಕೆ ವಿರುದ್ಧವಲ್ಲದ ಕಾಮವೆಂಬ ಭಗವದ್ಗೀತೆಯ ಸೂತ್ರ ನಿಜಕ್ಕೂ ಒಗ್ಗಿದ್ದು ಸಿನಿಮಾದ ಹೊರಗೆ, ಭಾವಗೀತೆಯಲ್ಲಿ. ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ 1942ರಲ್ಲಿ ಪ್ರಕಟವಾಯಿತು. ಅದರ ಪ್ರೇಮಿಗಳು ಗಂಡ ಹೆಂಡತಿ. ಮಾವನ ಮನೆ, ತವರಿನ ದಾರಿ, ಬಳೆಗಾರ, ನೆರೆಹೊರೆಯವರ ಕಣ್ಣು ಇವುಗಳ ನಡುವೆಯೇ ಅವರ ಶೃಂಗಾರ. ಗೃಹಸ್ಥಾಶ್ರಮದ ಕಟ್ಟುಪಾಡು ಇಲ್ಲಿ ಪ್ರಣಯಕ್ಕೆ ಅಡ್ಡ ಬರುವ ಬದಲು ಅದಕ್ಕೆ ಸಾಮಗ್ರಿ ಒದಗಿಸುತ್ತದೆ. ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಅವರ ಸಂಯೋಜನೆಗಳಲ್ಲಿ ಈ ಕವನಗಳು ಮನೆಮಾತಾದವು. ಟಿ.ಎಸ್. ನಾಗಾಭರಣ ಇವುಗಳಿಂದ ಚಲನಚಿತ್ರವನ್ನೇ ಕಟ್ಟಿದರು. ಅತ್ತೆ ಮಾವಂದಿರ ಮುಂದೆ ಸಂಕೋಚವಿಲ್ಲದೆ ಹಾಡಬಹುದಾದ ಪ್ರೇಮಗೀತೆ ಎಂಬ ಸುರಕ್ಷತೆಯೂ ಅವುಗಳ ಜನಪ್ರಿಯತೆಗೆ ಕಾರಣ. ಕವಿಯ ಪ್ರತಿಭೆಗೆ ಇದರಿಂದ ಕುಂದಿಲ್ಲ.

ಕರ್ತವ್ಯವನ್ನೇ ಹಾಡಿದ ಗೀತೆಗಳೂ ಗೆದ್ದಿವೆ. 1971ರ ‘ಕಸ್ತೂರಿ ನಿವಾಸ’ದ ದಾನದ ಹಾಡು, 1972ರ ‘ಬಂಗಾರದ ಮನುಷ್ಯ’ದ ದುಡಿಮೆಯ ಹಾಡು ಇಂದಿಗೂ ಸಭೆ ಸಮಾರಂಭಗಳಲ್ಲಿ ಕೇಳಿಬರುತ್ತವೆ. ಇವೆರಡೂ ಹಾಡುವುದು ಕೊಡುವ ಧರ್ಮವನ್ನು, ಬೆವರಿನ ಧರ್ಮವನ್ನು. ಬಯಕೆಯನ್ನು ಹತ್ತಿಕ್ಕಬೇಕೆಂಬ ಉಪದೇಶವನ್ನು ಜನ ಪ್ರವಚನದಲ್ಲಿ ಸಹಿಸಿಕೊಳ್ಳುತ್ತಾರೆ, ಅಡುಗೆಮನೆಯಲ್ಲೂ ಬಸ್ಸಿನಲ್ಲೂ ಗುನುಗುವುದಿಲ್ಲ.

ಸರ್ಕಾರವೂ ಒಮ್ಮೆ ಶ್ರೋತೃಗಳಿಗೆ ಧರ್ಮ ಕಲಿಸಲು ಹೊರಟಿತ್ತು. 1952ರಲ್ಲಿ ವಾರ್ತಾ ಮತ್ತು ಪ್ರಸಾರ ಖಾತೆಗೆ ಬಂದ ಬಿ.ವಿ. ಕೇಸ್ಕರ್ ಅಭಿರುಚಿ ಕೆಡುತ್ತದೆಂದು ಆಕಾಶವಾಣಿಯಲ್ಲಿ ಸಿನಿಮಾ ಹಾಡುಗಳಿಗೆ ಕಡಿವಾಣ ಹಾಕಿದರು. ಕೇಳುಗರು ರೇಡಿಯೋ ಸಿಲೋನಿನ ಕಡೆಗೆ ಮುಳ್ಳು ತಿರುಗಿಸಿದರು. 1957ರಲ್ಲಿ ವಿವಿಧ ಭಾರತಿಯನ್ನು ಆರಂಭಿಸಿ ಸರ್ಕಾರವೇ ಸೋಲೊಪ್ಪಿಕೊಂಡಿತು. ಆಮೇಲೆ ರೇಡಿಯೋ, ಕ್ಯಾಸೆಟ್‌ಗಳು ಒಂದು ದೊಡ್ಡ ಬದಲಾವಣೆ ತಂದವು: ಹಾಡು ಕಥೆಯಿಂದ ಬಿಡಿಸಿಕೊಂಡಿತು. ಚಿತ್ರಮಂದಿರದಲ್ಲಿ ಬಯಕೆಗೆ ಬೀಳುತ್ತಿದ್ದ ಮೂರು ಗಂಟೆಯ ಕೊನೆಯ ತೀರ್ಪು ಕ್ಯಾಸೆಟ್‌ನಲ್ಲಿ ಇರಲಿಲ್ಲ. 1987ರ ‘ಪ್ರೇಮಲೋಕ’ದಲ್ಲಿ ರವಿಚಂದ್ರನ್ ಮತ್ತು ಹಂಸಲೇಖ ಇದನ್ನು ತುದಿಗೆ ಒಯ್ದರು. ಅಲ್ಲಿ ಹಾಡುಗಳೇ ಕಥೆಯನ್ನು ನಡೆಸುತ್ತವೆ, ಪ್ರೇಮ ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ.

ಹಳೆಯ ಒಪ್ಪಂದ ಅದರಿಂದ ಮುರಿದುಬಿತ್ತೆಂದು ತಿಳಿಯುವುದು ತಪ್ಪು. ಯೋಗರಾಜ್ ಭಟ್ಟರ ‘ಮುಂಗಾರು ಮಳೆ’ 2006ರಲ್ಲಿ ಅದನ್ನು ಪೂರ್ತಿಯಾಗಿ ಮರಳಿ ತಂದಿತು. ಮತ್ತೊಬ್ಬನಿಗೆ ನಿಶ್ಚಯವಾದ ಹುಡುಗಿಯನ್ನು ಪ್ರೀತಿಸಿದ ನಾಯಕ ಕೊನೆಗೆ ತಾನೇ ಹಿಂದೆ ಸರಿಯುತ್ತಾನೆ. ರಾಮಾಯಣ, ಮಹಾಭಾರತ ಓದಿದ ಅಜ್ಜಿಗೂ ಒಪ್ಪಿಗೆಯಾಗುವ ಮುಕ್ತಾಯ ಇದು. ಜಯಂತ ಕಾಯ್ಕಿಣಿ ಬರೆದು, ಮನೋಮೂರ್ತಿ ಸ್ವರ ಹಾಕಿ, ಸೋನು ನಿಗಮ್ ಹಾಡಿದ ಗೀತೆಯಾದರೋ ಒಲವು ಚಿಗುರುವ ಗಳಿಗೆಯಲ್ಲೇ ನಿಂತಿದೆ, ತ್ಯಾಗದ ಸುದ್ದಿಯೇ ಅದಕ್ಕೆ ಗೊತ್ತಿಲ್ಲ. ನಾಯಕನಿಗೆ ದಕ್ಕದ ಮದುವೆಯ ಚಿತ್ರದ ಆ ಹಾಡನ್ನು ಮದುವೆಯ ಆರತಕ್ಷತೆಗಳಲ್ಲಿ ಆರ್ಕೆಸ್ಟ್ರಾದವರು ಇಂದಿಗೂ ಹಾಡುತ್ತಾರೆ, ಅಪಶಕುನವೆಂದು ಯಾರೂ ತಡೆದಿಲ್ಲ.